ದೊಡ್ಡ ಲ್ಯಾಪ್‌ಟಾಪ್‌ಗೆ ಸಣ್ಣ ಚಾರ್ಜರ್: ಬಯಲಾಟದ ರಾತ್ರಿಗಳಲ್ಲಿ ನಾನು ಕಂಡುಕೊಂಡದ್ದು

ಯಕ್ಷಗಾನ ಮೇಳಗಳ ಈ ಸಲದ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಮುಗಿಯಿತು. ದೀಪಾವಳಿ ಕಳೆದು ಮೇಳಗಳು ಹೊರಟಂದಿನಿಂದ ಅಲ್ಲಿಯವರೆಗೆ ನನ್ನ ಹದಿನಾರು ಇಂಚಿನ ಲ್ಯಾಪ್‌ಟಾಪಿನ ಮೂಲ ಅಡಾಪ್ಟರ್ ಮನೆಯ ಮೇಜು ಬಿಟ್ಟು ಕದಲಲಿಲ್ಲ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬಯಲಾಟಗಳ ನೇರಪ್ರಸಾರವನ್ನೆಲ್ಲ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯುಎಸ್‌ಬಿ-ಸಿ ಚಾರ್ಜರ್‌ಗಳಿಂದಲೇ ನಡೆಸಿದೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಯಂತ್ರಕ್ಕೆ ಇದು ಆಗದ ಮಾತು ಎಂದವರು ಹಲವರು. ಮಂಗಳೂರಿನ ಅಂಗಡಿಯವರೊಬ್ಬರು ಇನ್ನೊಂದು ಮೂಲ ಅಡಾಪ್ಟರನ್ನೇ ತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ನಮ್ಮ ತಂಡದಲ್ಲಿ ಕ್ಯಾಮೆರಾ ನೋಡಿಕೊಳ್ಳುವ ಭಾವ ಅಂತೂ, "ಭಾವಾ, 230 ವಾಟ್ ಬೇಡುವ ಯಂತ್ರಕ್ಕೆ ಈ ಡಬ್ಬಿ ಸಾಕಾಗುತ್ತದೆಯೇ? ನಡುರಾತ್ರಿ ನಿಂತುಹೋದರೆ ದೇವಸ್ಥಾನದವರಿಗೆ ಏನು ಹೇಳುವುದು?" ಎಂದು ಕೊನೆಯವರೆಗೂ ಮೂಲ ಅಡಾಪ್ಟರನ್ನು ಕಾರಿನ ಡಿಕ್ಕಿಯಲ್ಲಿ ಇಡಿಸಲು ನೋಡಿದ. ಒಮ್ಮೆಯೂ ನಿಲ್ಲಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೂಲ ಅಡಾಪ್ಟರ್‌ನ ಮೇಲೆ 230 ವಾಟ್ ಎಂದಿರುವುದು ಯಂತ್ರ ತನ್ನ ಎಲ್ಲ ಶಕ್ತಿಯನ್ನೂ ಒಮ್ಮೆಗೇ ಬಳಸುವ ಹೊತ್ತಿಗೆ. ನನ್ನ ಕೆಲಸಕ್ಕೆ ಎಷ್ಟು ಬೇಕು ಎಂಬುದು ಬೇರೆಯೇ ಲೆಕ್ಕ. ಗೋಡೆಯ ಸಾಕೆಟ್‌ಗೂ ಅಡಾಪ್ಟರ್‌ಗೂ ನಡುವೆ ಇಡುವ ವಾಟ್ ಮೀಟರ್ ಸುಮಾರು ಸಾವಿರ ರೂಪಾಯಿಗೆ ಸಿಗುತ್ತದೆ. ಅದನ್ನು ಹಾಕಿ ನೋಡಿದಾಗ ಸುಮ್ಮನೆ ಇದ್ದರೆ 25–30 ವಾಟ್, ಮೂರು ಕ್ಯಾಮೆರಾ ಹಾಕಿ ನೇರಪ್ರಸಾರ ನಡೆಯುವಾಗ 85–95, ತೆರೆಯ ಮೇಲೆ ಪಾತ್ರಧಾರಿಗಳ ಹೆಸರು, ನಿಧಾನಗತಿಯ ದೃಶ್ಯ ಎಲ್ಲ ಸೇರಿದರೆ 115–120. ಮನೆಯಲ್ಲಿ ಸಂಕಲನ ಮುಗಿಸಿ ಕಡತ ಹೊರತೆಗೆಯುವಾಗ ಮಾತ್ರ 180 ದಾಟುತ್ತದೆ. ಹಾಗಾದರೆ ಬಯಲಿಗೆ ಬೇಕಾದದ್ದು 120ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಚಾರ್ಜರ್ ಹುಡುಕುವವರು ಮೊದಲು ಖರ್ಚು ಮಾಡಬೇಕಾದದ್ದು ಈ ಮೀಟರ್ ಮೇಲೆ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಲ್ಯಾಪ್‌ಟಾಪ್ ಒಳಗೆ ಎಷ್ಟು ತೆಗೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ನನ್ನದರಲ್ಲಿ ಎರಡು ಯುಎಸ್‌ಬಿ-ಸಿ ಕಿಂಡಿಗಳಿವೆ, ಹಿಂಬದಿಯದ್ದು ಮಾತ್ರ 140 ವಾಟ್ ತೆಗೆದುಕೊಳ್ಳುತ್ತದೆ. ತಯಾರಕರ ವಿವರಪಟ್ಟಿಯಲ್ಲಿ 100 ಎಂದಿದ್ದರೆ 240ರ ಚಾರ್ಜರ್ ತಂದರೂ 100ಕ್ಕೇ ನಿಲ್ಲುತ್ತದೆ.

ಮೊದಲು ಬಳಸಿದ್ದು ಮೂರು ಸಾವಿರದ ಆಸುಪಾಸಿನ, ಮೂರು ಕಿಂಡಿಯ 100 ವಾಟ್ ಚಾರ್ಜರ್. ರಾತ್ರಿ ಹತ್ತಕ್ಕೆ ಬ್ಯಾಟರಿ ಪೂರ್ತಿ ಇತ್ತು. ಯಂತ್ರಕ್ಕೆ ಕಡಿಮೆಬಿದ್ದದ್ದನ್ನು ಬ್ಯಾಟರಿ ಕೊಡುತ್ತಾ ಹೋಯಿತು, ಬೆಳಗಿನ ಜಾವ ಮೂರರ ಹೊತ್ತಿಗೆ ಮೂವತ್ತು ಶೇಕಡಾಕ್ಕೆ ಇಳಿಯಿತು. ನಡುವೆ ಭಾವ ತನ್ನ ಮೊಬೈಲನ್ನು ಎರಡನೇ ಕಿಂಡಿಗೆ ಚುಚ್ಚಿದ. ಆ ಕ್ಷಣಕ್ಕೆ ಲ್ಯಾಪ್‌ಟಾಪಿನ ಚಾರ್ಜಿಂಗ್ ಒಮ್ಮೆ ಕಡಿದು ಮತ್ತೆ ಶುರುವಾಯಿತು, ಆದರೆ 65ಕ್ಕೆ. ಹೆಚ್ಚು ಕಿಂಡಿಯ ಚಾರ್ಜರ್‌ಗಳು ಬಹುತೇಕ ಹೀಗೆಯೇ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಒಟ್ಟು ಮೊತ್ತ, ಹಂಚಿಕೆ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಯಲಿಗೆ ಒಂದೇ ಕಿಂಡಿಯದ್ದು ಒಳ್ಳೆಯದು, ಮೊಬೈಲ್‌ಗೆ ಬೇರೆಯದನ್ನು ಇಟ್ಟುಕೊಳ್ಳಬೇಕು.

ಮತ್ತೊಂದು, ಪೇಟೆಯ ರಸ್ತೆ ಬದಿಯ ಅಂಗಡಿಯಲ್ಲಿ ಒಂಬೈನೂರಕ್ಕೆ ಸಿಕ್ಕಿದ '240 ವಾಟ್' ಚಾರ್ಜರ್. ಪರೀಕ್ಷೆಗೆಂದೇ ತಂದೆ. ಕೇಬಲ್ ನಡುವೆ ಹಾಕುವ ಯುಎಸ್‌ಬಿ-ಸಿ ಮೀಟರ್ ತೋರಿಸಿದ್ದು 20 ವೋಲ್ಟ್, 3 ಆಂಪಿಯರ್‌ಗಿಂತ ಸ್ವಲ್ಪ ಕಡಿಮೆ, ಎಂದರೆ 60 ವಾಟ್‌ನ ಒಳಗೆ. ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆಯೇ ಇರಲಿಲ್ಲ. ನಮ್ಮ ದೇಶದಲ್ಲಿ ಅಡಾಪ್ಟರ್‌ಗಳಿಗೆ ಈ ನೋಂದಣಿ ಕಡ್ಡಾಯ. 'ಆರ್' ಅಕ್ಷರದಿಂದ ಆರಂಭವಾಗುವ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಹಣ ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಹಾಕಿ ನೋಡುತ್ತೇನೆ, ಅಂಗಡಿಯವರ ಮುಖ ಸಣ್ಣದಾದರೂ ಸರಿಯೇ. ಮೊಬೈಲ್ ಜೊತೆಗೆ ಬರುವ 100, 120 ವಾಟ್ ಚಾರ್ಜರ್‌ಗಳ ವಿಷಯವೂ ಇಷ್ಟೇ. ಆ ವೇಗ ಅವರವರ ಮೊಬೈಲ್‌ಗೆ ಮಾತ್ರ, ಲ್ಯಾಪ್‌ಟಾಪ್‌ಗೆ ಹಾಕಿದರೆ ಹಲವು ಅರ್ಧವನ್ನೂ ಕೊಡುವುದಿಲ್ಲ.

ಕೊನೆಗೆ ಕೈಗೆ ಒಗ್ಗಿದ್ದು ಪಿಡಿ 3.1ರ (ಪವರ್ ಡೆಲಿವರಿ ಎಂಬ ಯುಎಸ್‌ಬಿ ಚಾರ್ಜಿಂಗ್ ನಿಯಮದ 3.1 ಆವೃತ್ತಿಯ) 140 ವಾಟ್ ಚಾರ್ಜರ್. 100 ವಾಟ್ ಎಂದರೆ 20 ವೋಲ್ಟ್‌ಗೆ 5 ಆಂಪಿಯರ್. ಆಂಪಿಯರ್ 5ಕ್ಕಿಂತ ಮೇಲೆ ಹೋಗುವಂತಿಲ್ಲ, ಆದ್ದರಿಂದ 2021ರಲ್ಲಿ ಬಂದ ಹೊಸ ನಿಯಮದಲ್ಲಿ ವೋಲ್ಟನ್ನು ಏರಿಸಿದರು: 28ಕ್ಕೆ 140 ವಾಟ್, 36ಕ್ಕೆ 180, 48ಕ್ಕೆ 240. ಹಾಗಾಗಿ ನಾನು ಈಗ ವಾಟ್ ಅಂಕಿಯನ್ನು ನೋಡುವುದೇ ಇಲ್ಲ. ಚಾರ್ಜರ್ ತಿರುಗಿಸಿ '28 ವೋಲ್ಟ್, 5 ಆಂಪಿಯರ್' ಎಂಬ ಸಾಲು ಹುಡುಕುತ್ತೇನೆ. '140' ಎಂದು ಬರೆದು ಈ ಸಾಲಿಲ್ಲದ ಚಾರ್ಜರ್‌ಗಳು ಬೇಕಾದಷ್ಟಿವೆ, ಅವು 100 ಮತ್ತು 40ನ್ನು ಕೂಡಿಸಿ ಬರೆದ ಲೆಕ್ಕ.

ಕೇಬಲ್ ವಿಷಯದಲ್ಲಿ ನಾನು ಯಾರ ಜೊತೆಗೂ ವಾದಕ್ಕೆ ಸಿದ್ಧ. ಅದೇ ಚಾರ್ಜರ್, ಅದೇ ಲ್ಯಾಪ್‌ಟಾಪ್, ಕೇಬಲ್ ಮಾತ್ರ ಬದಲು. ಮೊಬೈಲ್ ಜೊತೆ ಬಂದ ಕೇಬಲ್‌ನಲ್ಲಿ 60 ವಾಟ್, ಹಳೆಯ 100 ವಾಟ್ ಕೇಬಲ್‌ನಲ್ಲಿ 97–98, 240 ಎಂದು ಅಚ್ಚಾದ ಕೇಬಲ್‌ನಲ್ಲಿ 135ರಿಂದ 138. ಮೂರನ್ನೂ ಒಂದೇ ಮಧ್ಯಾಹ್ನ ಭಾವನ ಎದುರಿಗೇ ಹಾಕಿ ತೋರಿಸಿದೆ. 5 ಆಂಪಿಯರ್ ಒಯ್ಯುವ ಕೇಬಲ್‌ನ ತುದಿಯಲ್ಲಿ ಸಣ್ಣ ಗುರುತಿನ ಚಿಪ್ ಇರುತ್ತದೆ. ಚಾರ್ಜರ್ ಅದನ್ನು ಓದಿದ ಮೇಲೆಯೇ ಹೆಚ್ಚು ಕೊಡುತ್ತದೆ. ಈಗಿನ ನಿಯಮದಂತೆ ಬರುವ ಕೇಬಲ್‌ಗಳಲ್ಲಿ 60 ಅಥವಾ 240, ಎರಡೇ ಬಗೆ. ಇನ್ನು 100ರದ್ದನ್ನು ಕೊಳ್ಳುವುದರಲ್ಲಿ ಅರ್ಥವೇ ಇಲ್ಲ. ನಾನು ತಂದ ಎರಡು ಮೀಟರಿನದ್ದಕ್ಕೆ ಒಂಬೈನೂರೋ ಸಾವಿರವೋ ಆಯಿತು. ಇಂಥ ದಪ್ಪ ಕೇಬಲ್‌ಗಳಲ್ಲಿ ಹೆಚ್ಚಿನವು ದತ್ತಾಂಶವನ್ನು ಹಳೆಯ ಯುಎಸ್‌ಬಿ 2.0 ವೇಗದಲ್ಲಿ ಮಾತ್ರ ಒಯ್ಯುತ್ತವೆ. ಎಸ್‌ಎಸ್‌ಡಿಗೆ ಅದೇ ಕೇಬಲ್ ಹಾಕಿದರೆ ರಾತ್ರಿಯ ಆಟವನ್ನು ನಕಲು ಮಾಡುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅದಕ್ಕೇ ಚಾರ್ಜಿಂಗ್ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದ್ದೇನೆ.

ಒಂದು ಎಚ್ಚರಿಕೆ. ಕೇಬಲ್ ನಡುವೆ ಹಾಕುವ ಹಳೆಯ ಯುಎಸ್‌ಬಿ-ಸಿ ಮೀಟರ್‌ಗಳು 28 ವೋಲ್ಟ್‌ಗಾಗಿ ಮಾಡಿದವಲ್ಲ. ನನ್ನ ಹಳೆಯ ಮೀಟರ್ ಹಾಕಿದರೆ ಚಾರ್ಜರ್ 20ರಿಂದ ಮೇಲೆ ಏರುತ್ತಲೇ ಇರಲಿಲ್ಲ, ತೆಗೆದರೆ ಸರಿ. 240 ವಾಟ್‌ವರೆಗೆ ಓದುವ ಹೊಸದಕ್ಕೆ ಎರಡು ಸಾವಿರದಷ್ಟು ಹೋಯಿತು. ಅಯಸ್ಕಾಂತದ ತುದಿಯನ್ನೂ ಪ್ರಯೋಗಿಸಿದೆ, ಜನ ಓಡಾಡುವ ಕಡೆ ಕಾಲಿಗೆ ಕೇಬಲ್ ತಾಗಿದರೆ ತಾನಾಗಿ ಕಳಚಿಕೊಳ್ಳಲಿ ಎಂದು. ಅದರಲ್ಲೂ 20 ವೋಲ್ಟೇ ಬಂತು, ತುದಿ ಮುಟ್ಟಲಾಗದಷ್ಟು ಬಿಸಿಯಾಯಿತು. ತೆಗೆದು ಹಾಕಿದೆ. ಈಗ ಕೇಬಲನ್ನು ಮೇಜಿನ ಕಾಲಿಗೆ ಕಟ್ಟುತ್ತೇನೆ.

ಬಿಸಿಯ ವಿಷಯವೂ ಸಣ್ಣದಲ್ಲ. ಮೀನ ಮಾಸದ ಸೆಕೆಯಲ್ಲಿ ನಾನು ತರಿಸಿ ನೋಡಿದ ಒಂದು 140 ವಾಟ್ ಚಾರ್ಜರ್ ಅರ್ಧ ಗಂಟೆ ಪೂರ್ತಿ ಕೊಟ್ಟು ಆಮೇಲೆ 100ಕ್ಕೆ, ಮತ್ತೆ 65ಕ್ಕೆ ಇಳಿಯಿತು. ಹಾಳಾದದ್ದಲ್ಲ, ತನ್ನನ್ನು ತಾನು ಉಳಿಸಿಕೊಳ್ಳಲು ಹಾಗೆ ಇಳಿಯುತ್ತದೆ. ಅದನ್ನು ಹಿಂದಿರುಗಿಸಿದೆ. ಈಗಿನದು ಸ್ವಲ್ಪ ದಪ್ಪ, ಬೆಲೆಯೂ ಆರೂವರೆ ಸಾವಿರದ ಹತ್ತಿರ. ಎರಡು ಗಂಟೆ ಸತತವಾಗಿ ಪೂರ್ತಿ ಭಾರ ಹೊರಿಸಿ ನೋಡಿದೆ, ಇಳಿಯಲಿಲ್ಲ. ಅತ್ಯಂತ ಚಿಕ್ಕದು ಎಂದು ಜಾಹೀರಾತು ಮಾಡುವ ಚಾರ್ಜರ್‌ಗಳನ್ನು ನಾನು ನಂಬುವುದಿಲ್ಲ. ಚಿಕ್ಕದಾದಷ್ಟೂ ಬಿಸಿ ಹೊರಗೆ ಹೋಗುವ ದಾರಿ ಕಡಿಮೆ. ಯಾವುದನ್ನೇ ತಂದರೂ ಹಿಂದಿರುಗಿಸುವ ಅವಧಿಯೊಳಗೆ ಈ ಎರಡು ಗಂಟೆಯ ಪರೀಕ್ಷೆ ಮಾಡಲೇಬೇಕು.

ನಮ್ಮ ಕಡೆ ಬೇಸಿಗೆಯ ಸಂಜೆ ತೋಟಗಳಲ್ಲೆಲ್ಲ ಪಂಪು ಓಡುವಾಗ ವೋಲ್ಟೇಜ್ 170–180ಕ್ಕೆ ಇಳಿಯುವುದುಂಟು. 100ರಿಂದ 240 ವೋಲ್ಟ್ ಎಂದು ಬರೆದಿರುವ ಚಾರ್ಜರ್‌ಗೆ ಅದರಿಂದ ತೊಂದರೆಯಿಲ್ಲ, ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ ಅಷ್ಟೆ. ತೊಂದರೆ ಸಾಕೆಟ್‌ನದ್ದು. ಭಾರದ ಚಾರ್ಜರ್ ಹಳೆಯ ಸಾಕೆಟ್‌ನಲ್ಲಿ ನೇತಾಡಿ ಸಡಿಲವಾಗುತ್ತದೆ, ಕಿಡಿ ಹಾರುತ್ತದೆ. ವಿದೇಶಿ ಚಪ್ಪಟೆ ಪಿನ್ನಿನದ್ದಕ್ಕೆ ಕನ್ವರ್ಟರ್ ಸಿಕ್ಕಿಸಿದರಂತೂ ಇನ್ನೂ ಕೆಟ್ಟದ್ದು. ಅದಕ್ಕೆ ನಾನು ಆರಿಸಿದ್ದು ಗೋಡೆಗೆ ಚುಚ್ಚುವುದಲ್ಲ, ಬೇರೆ ತಂತಿ ಇರುವ ಮೇಜಿನ ಮೇಲಿನ ಮಾದರಿ, ಅದೂ ಮೂರು ಪಿನ್ನಿನದ್ದು.

ಮೂರು ಪಿನ್ನಿಗೆ ಇನ್ನೂ ದೊಡ್ಡ ಕಾರಣವಿದೆ. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ. ಅರ್ಥಿಂಗ್ ಇಲ್ಲದ ಕಾರಣ ಚಾರ್ಜರ್ ಒಳಗಿನ ಕೆಪಾಸಿಟರ್ ಮೂಲಕ ಸೋರುವ ಅತಿ ಸಣ್ಣ ಕರೆಂಟ್ ಅದು. ಆದರೆ ಅದೇ ಕರೆಂಟ್ ಧ್ವನಿಗೂ ಹೊಕ್ಕಿತು. ಮಿಕ್ಸರ್‌ನಿಂದ ಬರುವ ತಂತಿಯಲ್ಲಿ ಗುಂಯ್ ಎಂಬ ಸದ್ದು, ಚೆಂಡೆಯ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ, ಆದರೆ ಭಾಗವತರು ಮೆಲುದನಿಯಲ್ಲಿ ಪದ್ಯ ಎತ್ತಿಕೊಂಡಾಗ ಸ್ಪಷ್ಟವಾಗಿ ಕೇಳಿಸುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತಿನ ನಡುವಿನ ಮೌನ ಅಂತೂ ಪೂರ್ತಿ ಕೆಡುತ್ತದೆ. ತೆಂಕುತಿಟ್ಟಿನ ಕೇಳುಗರು ಅದನ್ನು ಒಪ್ಪುವವರಲ್ಲ, ನನಗೂ ಒಪ್ಪಿಗೆಯಿಲ್ಲ. ಸರಿಯಾದ ಅರ್ಥಿಂಗ್ ಇರುವ ಕಡೆ ಮೂರು ಪಿನ್ನಿನ ಚಾರ್ಜರ್‌ನಿಂದ ಸದ್ದು ಬಹಳಷ್ಟು ಹೋಯಿತು. ಉಳಿದದ್ದನ್ನು ಮಿಕ್ಸರ್ ತಂತಿಯ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ ತೆಗೆದೆ. ಅರ್ಥಿಂಗೇ ಇಲ್ಲದ ಬಯಲಿನಲ್ಲಿ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ತಂಡಕ್ಕೆ ಕರೆ ಬರುವುದೇ ಆ ಶುದ್ಧ ಧ್ವನಿಯಿಂದ.

ಜನರೇಟರ್ ಮಾತ್ರ ಇರುವ ಜಾಗಗಳಿಗೆಂದು ಇನ್ನೊಂದು ಪ್ರಯೋಗ ಮಾಡಿದೆ. ಮನೆಯ ಇನ್ವರ್ಟರ್‌ನ 150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿ ಎಂದರೆ 1,800 ವಾಟ್-ಗಂಟೆ. ಬ್ಯಾಟರಿಯ ಆಯುಸ್ಸು ಕೆಡದಂತೆ ಅದರಲ್ಲಿ ಅರ್ಧ ಬಳಸಬಹುದು. ಇನ್ವರ್ಟರ್ ಮೂಲಕ ನಡೆಸಿದರೆ 12ನ್ನು 230 ಮಾಡಿ ಮತ್ತೆ 20ಕ್ಕೆ ಇಳಿಸುವುದರಲ್ಲೇ ಬಹಳಷ್ಟು ವ್ಯರ್ಥ. ಅದರ ಬದಲು ಕಾರಿಗೆ ಹಾಕುವ 100 ವಾಟ್ ಯುಎಸ್‌ಬಿ-ಸಿ ಚಾರ್ಜರನ್ನು ಬ್ಯಾಟರಿಗೆ ನೇರ ಜೋಡಿಸಿದೆ, ಧನ ತುದಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಹಾಕಿ. ನೇರಪ್ರಸಾರ ಇಲ್ಲದೆ ಬರೀ ಚಿತ್ರೀಕರಣವಾದರೆ 75–80 ವಾಟ್ ಸಾಕು, ರಾತ್ರಿಯಿಡೀ ನಡೆದು ಬೆಳಗಿಗೆ ಇನ್ನೂ ಉಳಿದಿತ್ತು. ಗುಂಯ್ ಸದ್ದೂ ಇಲ್ಲ. ಬ್ಯಾಟರಿ ಹೊರುವುದೇ ಕಷ್ಟ, ಇಬ್ಬರು ಬೇಕು. 27,000 ಎಂಎಎಚ್‌ನ ದೊಡ್ಡ ಪವರ್ ಬ್ಯಾಂಕ್ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿರುವುದು ನೂರು ವಾಟ್-ಗಂಟೆಯ ಒಳಗೆ. ನೇರಪ್ರಸಾರಕ್ಕೆ ಹಾಕಿದರೆ ಒಂದು ಗಂಟೆ ದಾಟುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಎಬ್ಬಿಸುವವರೆಗೆ ಆಸರೆ, ಅದಕ್ಕಿಂತ ಹೆಚ್ಚಲ್ಲ.

ಯಂತ್ರದ ಕಡೆಯಿಂದಲೂ ಸ್ವಲ್ಪ ಬಿಗಿ ಮಾಡಿದ್ದೇನೆ. ಪವರ್ ಸೆಟ್ಟಿಂಗ್‌ನಲ್ಲಿ ನಡುಮಟ್ಟದ್ದನ್ನು ಆರಿಸಿ, ಗ್ರಾಫಿಕ್ಸ್ ಚಿಪ್‌ಗೆ ಮಿತಿ ಹಾಕಿ, ತೆರೆಯ ರಿಫ್ರೆಶ್ ವೇಗವನ್ನು 60 ಹರ್ಟ್ಸ್‌ಗೆ ಇಳಿಸಿದರೆ ಇಪ್ಪತ್ತು ವಾಟ್‌ನಷ್ಟು ಉಳಿಯುತ್ತದೆ, ಪ್ರಸಾರದ ಗುಣಮಟ್ಟ ಕೂದಲಷ್ಟೂ ಕುಂದುವುದಿಲ್ಲ. ಯಾವ ಮಿತಿ ಎಷ್ಟು ಎಂಬುದನ್ನು ಅವರವರ ಯಂತ್ರದಲ್ಲಿ ಅವರವರೇ ಹುಡುಕಬೇಕು. ನನ್ನ ಅಂಕಿಗಳು ನನ್ನಲ್ಲೇ ಇರಲಿ.

ಖರ್ಚಿನ ಲೆಕ್ಕ: ಈಗ ಬಳಕೆಯಲ್ಲಿರುವ ಚಾರ್ಜರ್, ಕೇಬಲ್, ಎರಡು ಮೀಟರ್ ಸೇರಿ ಹತ್ತೂವರೆ ಸಾವಿರದ ಆಸುಪಾಸು. ಇನ್ನೊಂದು ಮೂಲ ಅಡಾಪ್ಟರ್‌ಗೆ ಏಳರಿಂದ ಎಂಟು ಸಾವಿರ ಹೇಳಿದ್ದರು. ಅಲ್ಲಿ ಉಳಿತಾಯವಿಲ್ಲ, ಆದರೆ ಮೀಟರ್‌ಗಳು ತಂಡದ ಮೂರು ಲ್ಯಾಪ್‌ಟಾಪ್‌ಗಳಿಗೂ ಉಪಯೋಗವಾದವು, ಚಾರ್ಜರ್ ಮುಂದಿನ ಯಂತ್ರಕ್ಕೂ ಬರುತ್ತದೆ. ಚೀಲದಿಂದ ಅರ್ಧ ಕಿಲೋದಷ್ಟು ಭಾರ ಇಳಿದದ್ದು ಬೇರೆ.

ಮೊನ್ನೆ ಉಪ್ಪಳ ಕಡೆಯ ಗೆಳೆಯರೊಬ್ಬರು ತಮ್ಮ ಹಳೆಯ ಡೆಲ್ ಲ್ಯಾಪ್‌ಟಾಪ್‌ಗೂ 140ರದ್ದೇ ತರಲೇ ಎಂದು ಕೇಳಿದರು. ಅವರಿಗೆ ಬೇಡ ಎಂದೆ. ಅದರ ಜೊತೆ ಬಂದ 130 ವಾಟ್ ಯುಎಸ್‌ಬಿ-ಸಿ ಅಡಾಪ್ಟರ್ 20 ವೋಲ್ಟ್‌ಗೆ 6.5 ಆಂಪಿಯರ್ ಕೊಡುವಂಥದ್ದು, ಸಾಮಾನ್ಯ ನಿಯಮದ ಆಚೆಗೆ ಆ ತಯಾರಕರು ತಮ್ಮ ಯಂತ್ರಗಳಿಗಾಗಿಯೇ ಮಾಡಿದ್ದು. 28 ವೋಲ್ಟ್ ಅರಿಯದ ಆ ಮಾದರಿಗೆ ಹೊರಗಿನ ಸಾಮಾನ್ಯ ಚಾರ್ಜರ್ ಹಾಕಿದರೆ 100ರ ಮೇಲೆ ಹೋಗುವುದಿಲ್ಲ. ಗೋಡೆಯ ಮೀಟರನ್ನು ಒಂದು ವಾರಕ್ಕೆ ಅವರಿಗೆ ಕೊಟ್ಟಿದ್ದೇನೆ. ಅವರ ಕೆಲಸಕ್ಕೆ 90ರೊಳಗೆ ಸಾಕಾದರೆ ಒಳ್ಳೆಯ 100 ವಾಟ್ ಚಾರ್ಜರ್ ಒಂದು ಮತ್ತು 240ರ ಕೇಬಲ್ ಒಂದು, ನಾಲ್ಕು ಸಾವಿರದೊಳಗೆ ಮುಗಿಯುತ್ತದೆ.