ಕೊರೊನಾ ಸ್ಪೈಕ್ ಪ್ರೋಟೀನಿನೊಳಗಿನ ಕೊಬ್ಬಿನಾಮ್ಲ: ತರಗತಿಯಲ್ಲಿ ತೋರಿಸುವ ಕ್ರಮ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಕೊಬ್ಬಿನಾಮ್ಲಗಳ ಪಾಠವು ಬಹುಮಟ್ಟಿಗೆ ಸಾಬೂನೀಕರಣ ಸಂಖ್ಯೆ, ಅಯೋಡಿನ್ ಸಂಖ್ಯೆಗಳೆಂಬ ಎಣ್ಣೆಯ ಗುಣದ ಅಳತೆಗಳಲ್ಲೇ ಮುಗಿದುಹೋಗುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ನೋಡುತ್ತಲೇ ಬೆಳೆದ ವಿದ್ಯಾರ್ಥಿಗೆ ಶೇಂಗಾ ಎಣ್ಣೆಯ ಬಣ್ಣ, ವಾಸನೆ, ಧಾರಣೆ ಎಲ್ಲವೂ ಗೊತ್ತಿರುತ್ತದೆ. ಆದರೆ ಅದೇ ಎಣ್ಣೆಯಲ್ಲಿರುವ ಲಿನೋಲೆಯಿಕ್ ಎಂಬ ಕೊಬ್ಬಿನಾಮ್ಲವು ಕೊರೊನಾ ವೈರಸ್ಸಿನ ಪ್ರೋಟೀನಿನೊಳಗೆ ಕುಳಿತು ಅದರ ಆಕಾರವನ್ನೇ ಹಿಡಿದಿಡಬಲ್ಲದು ಎಂಬುದನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ. ಇದನ್ನು ತೋರಿಸಲು ಪ್ರಯೋಗಾಲಯ ಬೇಕಿಲ್ಲ. ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್ ಅಥವಾ ಸ್ಮಾರ್ಟ್‌ಫೋನ್, ಚೆಂಡು-ಕಡ್ಡಿ ಮಾದರಿಯ ಒಂದು ಪೆಟ್ಟಿಗೆ ಮತ್ತು ಎರಡು ತರಗತಿಗಳಷ್ಟು ಸಮಯ ಸಾಕು.

ಮೊದಲು ಶಿಕ್ಷಕರು ತಿಳಿದಿರಬೇಕಾದ ಹಿನ್ನೆಲೆಯನ್ನು ನೋಡೋಣ. ಕೋವಿಡ್ ಉಂಟುಮಾಡುವ ವೈರಸ್ಸಿನ ಮೇಲ್ಮೈಯಲ್ಲಿ ಮುಳ್ಳುಗಳಂತೆ ಚಾಚಿರುವ ಸ್ಪೈಕ್ ಪ್ರೋಟೀನು ತಲಾ 1273 ಅಮೈನೊ ಆಮ್ಲಗಳ ಮೂರು ಸರಪಳಿಗಳು ಹೆಣೆದುಕೊಂಡು ಆದದ್ದು. ಪ್ರತಿ ಸರಪಳಿಯ ತುದಿಯ ಕಡೆ ಗ್ರಾಹಕವನ್ನು ಹಿಡಿಯುವ ಒಂದು ಭಾಗವಿದ್ದು, ಅದು ಮೇಲೆದ್ದಾಗ ಮಾತ್ರ ನಮ್ಮ ಜೀವಕೋಶದ ಮೇಲಿರುವ, ವೈರಸ್ಸಿಗೆ ಒಳದಾರಿಯಾಗುವ ಎಸಿಇ2 ಗ್ರಾಹಕಕ್ಕೆ ಅಂಟಿಕೊಳ್ಳಬಲ್ಲದು. ಕೆಳಗೆ ಮಡಿಸಿಕೊಂಡಿದ್ದಾಗ ಅದಕ್ಕೆ ಗ್ರಾಹಕ ಸಿಗುವುದಿಲ್ಲ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇಮ್ರೆ ಬರ್ಗರ್ ಮತ್ತು ಕ್ರಿಸ್ಟಿಯಾನೆ ಶಾಫಿಟ್‌ಸೆಲ್ ಅವರ ತಂಡವು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 2.85 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವ ಅತಿ ಸಣ್ಣ ಅಳತೆ) ಸ್ಪಷ್ಟತೆಯಲ್ಲಿ ಈ ಪ್ರೋಟೀನಿನ ರಚನೆಯನ್ನು ಬಿಡಿಸಿದಾಗ, ಗ್ರಾಹಕ ಹಿಡಿಯುವ ಮೂರೂ ಭಾಗಗಳ ಕುಳಿಗಳಲ್ಲಿ ತಾವು ಸೇರಿಸಿರದ ಒಂದು ಸಣ್ಣ ಅಣು ಕುಳಿತಿರುವುದು ಕಂಡಿತು. ಅಣುವಿನ ತೂಕ ಅಳೆಯುವ ದ್ರವ್ಯರಾಶಿ ರೋಹಿತಮಾಪನ ಮಾಡಿದಾಗ ಅದು ಲಿನೋಲೆಯಿಕ್ ಆಮ್ಲವೆಂದು ಖಚಿತವಾಯಿತು. ಕೀಟದ ಜೀವಕೋಶಗಳಲ್ಲಿ ಪ್ರೋಟೀನನ್ನು ತಯಾರಿಸುವಾಗಲೇ ಅದು ಆ ಆಮ್ಲವನ್ನು ಎಳೆದುಕೊಂಡಿತ್ತು. ಹುಡುಕದೆ ಸಿಕ್ಕ ಫಲಿತಾಂಶ ಇದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳದೆ ಬಿಡಬಾರದು.

ಮೊದಲ ತರಗತಿಯನ್ನು ಮಾದರಿ ಕಟ್ಟುವುದಕ್ಕೆ ಮೀಸಲಿಡುವುದು ಒಳ್ಳೆಯದು. ಹದಿನೆಂಟು ಇಂಗಾಲದ ಸರಪಳಿಯೊಂದನ್ನು ಕಟ್ಟಿಸಿ, ಒಂದು ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪನ್ನು ಇಡಿಸಿ. ಆ ತುದಿಯಿಂದ ಎಣಿಸಿದಾಗ 9 ಮತ್ತು 12ನೆಯ ಇಂಗಾಲಗಳಿಂದ ಆರಂಭವಾಗುವಂತೆ ಎರಡು ಸಿಸ್ (ಸರಪಳಿಯನ್ನು ಬಾಗಿಸುವ ಬಗೆಯ) ದ್ವಿಬಂಧಗಳನ್ನು ಹಾಕಿಸಿ. ಪಕ್ಕದಲ್ಲೇ ದ್ವಿಬಂಧವಿಲ್ಲದ ಸ್ಟಿಯರಿಕ್ ಆಮ್ಲವನ್ನೂ ಕಟ್ಟಿಸಿದರೆ, ಒಂದು ನೆಟ್ಟಗಿರುವುದೂ ಇನ್ನೊಂದು ಬಾಗಿರುವುದೂ ಕೈಗೇ ತಿಳಿಯುತ್ತದೆ. ಕಾರ್ಬಾಕ್ಸಿಲ್ ಇರುವ ತಲೆಯು ನೀರನ್ನು ಬಯಸುತ್ತದೆ, ಉಳಿದ ಇಂಗಾಲದ ಬಾಲವು ನೀರಿನಿಂದ ದೂರ ಸರಿಯುತ್ತದೆ ಎಂಬ ಎರಡು ಗುಣಗಳನ್ನು ಇಲ್ಲಿಯೇ ಮನದಟ್ಟು ಮಾಡಿಸಬೇಕು. ಎರಡನೆಯ ತರಗತಿಯಲ್ಲಿ ಕಾಣುವುದೆಲ್ಲವೂ ಇವೆರಡರ ಫಲವೇ.

ಎರಡನೆಯ ತರಗತಿಯಲ್ಲಿ ಪ್ರೋಟೀನುಗಳ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನ ಜಾಲತಾಣವನ್ನು ತೆರೆಯಿರಿ. ಅದು ಯಾರಿಗಾದರೂ ಉಚಿತವಾಗಿದ್ದು, ಹೆಸರು ನೋಂದಾಯಿಸಬೇಕಿಲ್ಲ. ಹುಡುಕುವ ಜಾಗದಲ್ಲಿ 6ಜೆಡ್‌ಬಿ5 ಎಂಬ ನಾಲ್ಕು ಅಕ್ಷರ-ಅಂಕಿಗಳ ಗುರುತನ್ನು ಇಂಗ್ಲಿಷಿನಲ್ಲಿ ಬರೆದರೆ ಬ್ರಿಸ್ಟಲ್ ತಂಡದ ರಚನೆಯ ಪುಟ ಬರುತ್ತದೆ. ಪುಟದ ಕೆಳಭಾಗದಲ್ಲಿ ಸಣ್ಣ ಅಣುಗಳ ಪಟ್ಟಿ ಇದ್ದು, ಅದರಲ್ಲಿ ಇಐಸಿ ಎಂಬುದು ಲಿನೋಲೆಯಿಕ್ ಆಮ್ಲದ ಸಂಕೇತ. ಅದರ ಅಂತರಕ್ರಿಯೆಯನ್ನು ತೋರಿಸುವ ಕೊಂಡಿಯನ್ನು ಒತ್ತಿದರೆ ಮೋಲ್‌ಸ್ಟಾರ್ ಎಂಬ ಮೂರು ಆಯಾಮದ ವೀಕ್ಷಕವು ತೆರೆದುಕೊಂಡು ನೇರವಾಗಿ ಕುಳಿಯ ಬಳಿಗೇ ಕರೆದೊಯ್ಯುತ್ತದೆ. ಮೊಬೈಲಿನಲ್ಲಿ ಇದು ನಿಧಾನವಾಗಬಹುದು. ಹಾಗಾದರೆ ಹಿಂದಿನ ದಿನವೇ ಕಂಪ್ಯೂಟರಿನಲ್ಲಿ ತೆರೆದು ಬೇಕಾದ ಕೋನಗಳ ಚಿತ್ರಗಳನ್ನು ಉಳಿಸಿಟ್ಟುಕೊಳ್ಳಬಹುದು.

ನೋಡಬೇಕಾದದ್ದು ಇಲ್ಲಿಂದ ಮುಂದೆ. ಸರಪಳಿಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟ ಮೇಲೆ ಆಮ್ಲದ ಬಾಲವನ್ನು ಹಿಂಬಾಲಿಸಿದರೆ ಅದು ಒಂದು ಸರಪಳಿಯೊಳಗೆ, ಫೀನೈಲ್ ಅಲನೈನಿನಂತಹ ನೀರು ಒಲ್ಲದ ಅಮೈನೊ ಆಮ್ಲಗಳು ಸುತ್ತುವರಿದ ಕೊಳವೆಯಲ್ಲಿ ಹುದುಗಿರುವುದು ಕಾಣುತ್ತದೆ. ಈಗ ತಲೆಯ ಕಡೆಗೆ ಬನ್ನಿ. ಅದು ಅದೇ ಸರಪಳಿಯಲ್ಲಿ ನಿಲ್ಲದೆ ಪಕ್ಕದ ಸರಪಳಿಯ 408ನೆಯ ಆರ್ಜಿನಿನ್ ಮತ್ತು 409ನೆಯ ಗ್ಲುಟಮಿನ್ ಎಂಬ ಅಮೈನೊ ಆಮ್ಲಗಳನ್ನು ಹಿಡಿದಿರುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳ ಈ ಒಂದು ನೋಟ: ಒಂದೇ ಅಣು ಎರಡು ಸರಪಳಿಗಳಿಗೆ ಚಿಲಕ ಹಾಕಿದಂತೆ ಕೂತಿದೆ, ಅಂತಹ ಮೂರು ಅಣುಗಳು ಮೂರು ಸರಪಳಿಗಳನ್ನೂ ಬಿಗಿದಿವೆ. ವಿದ್ಯಾರ್ಥಿಗಳೇ ಪರದೆಯನ್ನು ತಿರುಗಿಸಿ 408ನ್ನು ಹುಡುಕಲಿ. ಮೇಲಿನ ಅನುಕ್ರಮ ಪಟ್ಟಿಯಲ್ಲಿ ಸರಪಳಿಯನ್ನು ಬದಲಿಸಿ ಸಂಖ್ಯೆಯನ್ನು ಒತ್ತಿದರೆ ಅದು ಬೆಳಗುತ್ತದೆ. ಶಿಕ್ಷಕರು ಮೊದಲೇ ಬೆರಳು ತೋರಿಸಿಬಿಟ್ಟರೆ ಅರ್ಧ ಸೊಗಸು ಹೋಗುತ್ತದೆ.

ಬಳಿಕ ಇನ್ನೊಂದು ಕಿಟಕಿಯಲ್ಲಿ 6ವಿಎಕ್ಸ್‌ಎಕ್ಸ್ ಎಂಬ, ಆಮ್ಲವಿಲ್ಲದ ಮುಚ್ಚಿದ ಸ್ಪೈಕಿನ ರಚನೆಯನ್ನು ತೆರೆದು ಹೋಲಿಸಿ. 365 ಮತ್ತು 369ನೆಯ ಟೈರೊಸಿನ್‌ಗಳಿರುವ ಸಣ್ಣ ಸುರುಳಿಯೊಂದು ಕುಳಿಯ ಬಾಯಿಗೆ ಬಾಗಿಲಾಗಿದೆ. ಆಮ್ಲ ಒಳಗಿರುವಾಗ ಈ ಸುರುಳಿಯು ಸುಮಾರು 6 ಆಂಗ್‌ಸ್ಟ್ರಾಮ್ ಸರಿದಿರುತ್ತದೆ, ಗ್ರಾಹಕ ಹಿಡಿಯುವ ಭಾಗಗಳು ಒಂದಕ್ಕೊಂದು ಇನ್ನಷ್ಟು ಒತ್ತಿಕೊಂಡಿರುತ್ತವೆ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ. ಇಷ್ಟು ಅಲ್ಪ ಚಲನೆ ಸೋಂಕಿನ ಮೊದಲ ಹೆಜ್ಜೆಯನ್ನೇ ಪ್ರಭಾವಿಸುತ್ತದೆ.

ಸೋಂಕಿನ ಮೇಲಿನ ಪರಿಣಾಮವನ್ನು ವಿವರಿಸುವಾಗ ಪ್ರತಿ ಮಾತಿಗೂ ಸಾಕ್ಷ್ಯ ಎಲ್ಲಿಂದ ಬಂದದ್ದು ಎಂದು ಸೇರಿಸಿ ಹೇಳುವ ಅಭ್ಯಾಸ ಬೇಕು. ಶುದ್ಧೀಕರಿಸಿದ ಪ್ರೋಟೀನಿನಲ್ಲಿ, ಲಿನೋಲೆಯಿಕ್ ಆಮ್ಲ ಹಿಡಿದ ಸ್ಪೈಕು ಎಸಿಇ2ಗೆ ಕಡಿಮೆ ಅಂಟಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳಲ್ಲಿ, ಈ ಆಮ್ಲವನ್ನು ರೆಮ್ಡೆಸಿವಿರ್ ಔಷಧದೊಡನೆ ಕೊಟ್ಟಾಗ ವೈರಸ್ಸಿನ ವೃದ್ಧಿ ಹೆಚ್ಚು ಕುಗ್ಗಿತು. 2003ರ ಸಾರ್ಸ್ ಮತ್ತು ಮರ್ಸ್ ವೈರಸ್ಸುಗಳ ಸ್ಪೈಕಿನಲ್ಲೂ ಇಂತಹ ಕುಳಿ ಇದೆ, ಒಮಿಕ್ರಾನಿನಲ್ಲೂ ಅದು ಉಳಿದುಬಂದಿದೆ. ಕೋವಿಡ್‌ಗೂ ಮುಂಚೆ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆಗಡಿಯ 229ಇ ಕೊರೊನಾ ವೈರಸ್ ಹೊಕ್ಕ ಜೀವಕೋಶಗಳಲ್ಲಿ ಲಿನೋಲೆಯಿಕ್ ಮತ್ತು ಅರಾಕಿಡೋನಿಕ್ ಆಮ್ಲಗಳು ಹೆಚ್ಚುವುದನ್ನೂ, ಹೊರಗಿನಿಂದ ಅವನ್ನು ಸೇರಿಸಿದರೆ ವೈರಸ್ಸಿನ ವೃದ್ಧಿ ತಗ್ಗುವುದನ್ನೂ ತೋರಿಸಿತ್ತು. ಇವೆಲ್ಲವೂ ಶುದ್ಧ ಪ್ರೋಟೀನು ಮತ್ತು ಬೆಳೆಸಿದ ಜೀವಕೋಶದ ಮಟ್ಟದ ಮಾತು.

ಇಷ್ಟಕ್ಕೇ ನಿಲ್ಲಿಸಿದರೆ ಕೊಬ್ಬಿನಾಮ್ಲವೆಂದರೆ ವೈರಸ್ಸಿನ ವೈರಿ ಎಂಬ ತಪ್ಪು ಚಿತ್ರ ಉಳಿಯುತ್ತದೆ. ಆದ್ದರಿಂದ ಪಾಮಿಟಿಕ್ ಆಮ್ಲದ ಕಥೆಯನ್ನೂ ಹೇಳಬೇಕು. ಸ್ಪೈಕಿನ ಬುಡದಲ್ಲಿ, ವೈರಸ್ಸಿನ ಹೊದಿಕೆಯ ಒಳಬದಿಗೆ ಇಳಿದಿರುವ ಗಿಡ್ಡ ಬಾಲದಲ್ಲಿ ಸಿಸ್ಟೀನ್ ಎಂಬ ಹತ್ತು ಅಮೈನೊ ಆಮ್ಲಗಳಿವೆ. ಸೋಂಕು ತಗುಲಿದ ಜೀವಕೋಶದ ಕಿಣ್ವಗಳು, ಮುಖ್ಯವಾಗಿ ಜೆಡ್‌ಡಿಎಚ್‌ಎಚ್‌ಸಿ20 ಎಂಬುದು, ಹದಿನಾರು ಇಂಗಾಲದ ಪಾಮಿಟಿಕ್ ಸರಪಳಿಗಳನ್ನು ಈ ಸಿಸ್ಟೀನ್‌ಗಳಿಗೆ ರಾಸಾಯನಿಕ ಬಂಧದಿಂದಲೇ ಜೋಡಿಸುತ್ತವೆ. ಹೀಗೆ ಜೋಡಣೆಯಾದ ಸ್ಪೈಕು ಜೀವಕೋಶದ ಪೊರೆಯೊಡನೆ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಆ ಕಿಣ್ವವನ್ನು ತಗ್ಗಿಸಿದ ಜೀವಕೋಶಗಳಿಂದ ಹೊರಬಂದ ವೈರಸ್ಸಿಗೆ ಸೋಂಕು ಹರಡುವ ಶಕ್ತಿ ಕಡಿಮೆ. ಅಂದರೆ ಒಂದು ಕೊಬ್ಬಿನಾಮ್ಲ ಬಂಧವಿಲ್ಲದೆ ಕುಳಿಯಲ್ಲಿ ಕುಳಿತು ತಡೆಯುತ್ತದೆ, ಇನ್ನೊಂದು ಬಂಧಗೊಂಡು ಬುಡದಲ್ಲಿ ನೆರವಾಗುತ್ತದೆ. ಈ ಬಾಲವು 6ಜೆಡ್‌ಬಿ5ರಲ್ಲಿ ಕಾಣುವುದಿಲ್ಲ, ಏಕೆಂದರೆ ಅದಕ್ಕಾಗಿ ಪ್ರೋಟೀನಿನ ಹೊರಭಾಗವನ್ನು ಮಾತ್ರ ತಯಾರಿಸಲಾಗಿತ್ತು. ಅದನ್ನು ಹಲಗೆಯ ಮೇಲೆ ಬರೆದೇ ತೋರಿಸಬೇಕಾಗುತ್ತದೆ.

ತರಗತಿಯಲ್ಲಿ ಖಂಡಿತ ಬರುವ ಪ್ರಶ್ನೆ ಎಣ್ಣೆಯದು. ಸೂರ್ಯಕಾಂತಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 60, ಮೆಕ್ಕೆಜೋಳದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಂಗಾ ಎಣ್ಣೆಯಲ್ಲಿ ಸುಮಾರು ಶೇ. 30 ಭಾಗ ಲಿನೋಲೆಯಿಕ್ ಆಮ್ಲವೇ. ಕೊಬ್ಬರಿ ಎಣ್ಣೆಯಲ್ಲಿ ಅದು ಅತ್ಯಲ್ಪ. ಹಾಗಾದರೆ ಸೂರ್ಯಕಾಂತಿ ಎಣ್ಣೆ ಹೆಚ್ಚು ತಿಂದರೆ ಕೊರೊನಾ ಬರುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ಉತ್ತರವನ್ನು ಜೀರ್ಣಕ್ರಿಯೆಯ ದಾರಿಯಲ್ಲೇ ಹುಡುಕಿಸಿ. ಎಣ್ಣೆಯಲ್ಲಿ ಈ ಆಮ್ಲ ಸ್ವತಂತ್ರವಾಗಿಲ್ಲ, ಗ್ಲಿಸರಾಲಿಗೆ ಕಟ್ಟಿಕೊಂಡಿದೆ. ಕರುಳಿನಲ್ಲಿ ಲೈಪೇಸ್ ಎಂಬ ಕಿಣ್ವ ಅದನ್ನು ಬಿಡಿಸುತ್ತದೆ, ಕರುಳಿನ ಜೀವಕೋಶಗಳು ಮತ್ತೆ ಕಟ್ಟಿ ಕೈಲೊಮೈಕ್ರಾನ್ ಎಂಬ ಕೊಬ್ಬಿನ ಕಣಗಳಾಗಿ ದುಗ್ಧರಸಕ್ಕೆ ಬಿಡುತ್ತವೆ. ರಕ್ತದಲ್ಲಿ ಸ್ವತಂತ್ರವಾಗಿ ಸಂಚರಿಸುವ ಅಲ್ಪ ಭಾಗವೂ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೂಗು, ಗಂಟಲಿನ ಮೇಲ್ಮೈಯಲ್ಲಿ ವೈರಸ್ಸಿನ ಕುಳಿಯನ್ನು ತುಂಬುವಷ್ಟು ಆಮ್ಲವು ಒಗ್ಗರಣೆಯಿಂದ ಅಲ್ಲಿಗೆ ತಲುಪುತ್ತದೆ ಎನ್ನಲು ಆಧಾರವಿಲ್ಲ.

ಬೆಣ್ಣೆ ದೋಸೆಯ ವಿಷಯವೂ ದಾವಣಗೆರೆಯಲ್ಲಿ ಏಳದೆ ಇರದು. ಬೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಪಾಮಿಟಿಕ್ ಆಮ್ಲವಿರುವುದು ನಿಜ. ಆದರೆ ಸ್ಪೈಕಿಗೆ ಜೋಡಿಸಲು ಬೇಕಾದ ಪಾಮಿಟಿಕ್ ಆಮ್ಲವನ್ನು ನಮ್ಮ ಜೀವಕೋಶವು ಫ್ಯಾಟಿ ಆಸಿಡ್ ಸಿಂಥೇಸ್ ಕಿಣ್ವದಿಂದ ತಾನೇ ತಯಾರಿಸಿಕೊಳ್ಳಬಲ್ಲದು. ದೋಸೆ ಬಿಟ್ಟವನ ಜೀವಕೋಶವೂ ತಯಾರಿಸುತ್ತದೆ. ದೋಸೆಯನ್ನು ಮಿತಗೊಳಿಸಲು ಹೃದಯದ ಕಾರಣಗಳಿವೆ, ಅವು ಬೇರೆ ಪಾಠಕ್ಕೆ ಸೇರಿದವು.

ಚುರುಕಾದ ವಿದ್ಯಾರ್ಥಿ ಇಲ್ಲಿ ಓರ್ಲಿಸ್ಟಾಟಿನ ಹೆಸರನ್ನು ಎತ್ತಬಹುದು. ಬೊಜ್ಜು ಇಳಿಸಲು ಕೊಡುವ ಈ ಔಷಧವು ಮೇಲಿನ ಸಿಂಥೇಸ್ ಕಿಣ್ವವನ್ನೂ ತಡೆಯುತ್ತದೆ, ಮತ್ತು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಚುಚ್ಚಿಸಿಕೊಂಡ ಸೋಂಕಿತ ಇಲಿಗಳ ಶ್ವಾಸಕೋಶದಲ್ಲಿ ವೈರಸ್ ಕಡಿಮೆಯಾಗಿ, ಹೆಚ್ಚು ಇಲಿಗಳು ಬದುಕಿದವು. ಮನುಷ್ಯರು ಇದೇ ಔಷಧವನ್ನು ಗುಳಿಗೆಯಾಗಿ ನುಂಗುತ್ತಾರೆ, ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇಲಿಗೆ ಸೂಜಿಯಿಂದ ಕೊಟ್ಟದ್ದನ್ನೂ ಮನುಷ್ಯ ಬಾಯಿಂದ ನುಂಗುವುದನ್ನೂ ಎದುರುಬದುರಾಗಿ ಬರೆಯಿಸಿದರೆ ವಿದ್ಯಾರ್ಥಿಯೇ ವ್ಯತ್ಯಾಸವನ್ನು ಗುರುತಿಸುತ್ತಾನೆ.

ರೆಕಾರ್ಡ್ ಪುಸ್ತಕದಲ್ಲಿ ಮೂರು ಚಿತ್ರಗಳನ್ನು ಬರೆಯಿಸಬೇಕು: ಬಾಗಿದ ಲಿನೋಲೆಯಿಕ್ ಅಣು, ಎರಡು ಸರಪಳಿಗಳ ನಡುವೆ 408 ಮತ್ತು 409ರ ಗುರುತಿನೊಂದಿಗೆ ಕುಳಿ, ಹಾಗೂ ಪಾಮಿಟಿಕ್ ಸರಪಳಿ ಜೋಡಿಸಿದ ಬಾಲ. ಪ್ರತಿ ಚಿತ್ರದ ಕೆಳಗೆ ಆ ಸಂಗತಿ ಶುದ್ಧ ಪ್ರೋಟೀನಿನಲ್ಲಿ ಕಂಡದ್ದೇ, ಬೆಳೆಸಿದ ಜೀವಕೋಶದಲ್ಲೇ, ಪ್ರಾಣಿಯಲ್ಲೇ ಎಂಬುದನ್ನು ಒಂದು ಸಾಲಿನಲ್ಲಿ ನಮೂದಿಸಿದ ನಂತರವೇ ಅಂಕ ಕೊಡಿ.