ನೀರು ಇಳಿಸದೆ ಪಂಪ್ ಬದಲಿಸಿದ ಬಗೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಮ್ಮ ಮನೆ ಎಪ್ಪತ್ತರ ದಶಕದ್ದು. ಅಟ್ಟದಲ್ಲಿ ಸಣ್ಣ ತೊಟ್ಟಿಯಿರುವ ಹಳೆಯ ಮಾದರಿಯ ಹೀಟಿಂಗ್, ಒಂಬತ್ತು ರೇಡಿಯೇಟರ್, ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲೇ ಪಂಪ್. ಬಾಯ್ಲರ್ ಕಾಯಿಸಿದ ನೀರನ್ನು ರೇಡಿಯೇಟರ್‌ಗಳಿಗೆ ತಳ್ಳಿ ಮನೆಯನ್ನು ಬೆಚ್ಚಗಿಡುವುದು ಈ ಪಂಪಿನ ಕೆಲಸ. ಒಂದು ನವೆಂಬರ್‌ನಲ್ಲಿ ಬಾಯ್ಲರ್ ಹೊತ್ತಿಕೊಂಡ ಎರಡೇ ನಿಮಿಷಕ್ಕೆ ಗೊರಗೊರ ಸದ್ದು ಮಾಡಿ ಆರಿಹೋಗತೊಡಗಿತು. ಬಾಯ್ಲರ್ ಕಡೆಯ ಪೈಪ್ ಕೈ ಸುಡುವಂತಿದ್ದರೂ ಪಂಪಿನಿಂದಾಚೆಯದು ತಣ್ಣಗಿತ್ತು. ದೋಷ ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೊದಲು ಪುಕ್ಕಟೆ ಉಪಾಯಗಳನ್ನು ಮಾಡಿದೆ. ಪಂಪಿನ ಮುಂಭಾಗದ ಸ್ಕ್ರೂ ತೆಗೆದು ಶಾಫ್ಟನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿದಾಗ ಪಂಪ್ ಎರಡು ದಿನ ಓಡಿತು. ಆಮೇಲೆ ಆರು ಪೌಂಡಿನ ಕಪಾಸಿಟರ್, ಅಂದರೆ ನಮ್ಮ ಕಡೆ ಮೋಟಾರಿನ ಕಂಡೆನ್ಸರ್ ಎನ್ನುವ ಭಾಗವನ್ನು ಬದಲಿಸಿದೆ. ಅದರಿಂದ ಹೆಚ್ಚೆಂದರೆ ಹತ್ತು ದಿನ ದೊರೆಯಿತು. ಬೇರಿಂಗ್ ಸವೆದಿದ್ದ ಪಂಪಿಗೆ ಹೊಸ ಕಂಡೆನ್ಸರ್ ಹಾಕಿದ್ದು ದಂಡವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಕರೆಸಿದ ಪ್ಲಂಬರ್ ಸುಮಾರು 320 ಪೌಂಡ್ ಹೇಳಿದರು. ಪಂಪಿನ ಎರಡೂ ಬದಿಯ ಗೇಟ್ ವಾಲ್ವ್‌ಗಳು ತಿರುಗಿದರೂ ಮುಚ್ಚುತ್ತಿರಲಿಲ್ಲವಾದ್ದರಿಂದ ವ್ಯವಸ್ಥೆಯ ನೀರನ್ನೆಲ್ಲ ಇಳಿಸದೆ ಗತಿಯಿಲ್ಲ ಎಂಬುದು ಅವರ ವಾದ. ಅಟ್ಟದ ತೊಟ್ಟಿಯ ತಳದ ಕಿಂಡಿಗೂ ತೊಟ್ಟಿಯ ಮೇಲೆ ಬಾಗಿರುವ, ಹಬೆ ಹೊರಹೋಗಲೆಂದಿರುವ ವೆಂಟ್ ಪೈಪಿನ ಬಾಯಿಗೂ ರಬ್ಬರ್ ಬಿರಡೆ ಜಡಿದರೆ ನೀರು ಒಳಗೇ ನಿಲ್ಲುತ್ತದೆ ಎಂದು ನಾನು ಹೇಳಿದಾಗ, ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಮೈಸೂರಿನ ಸ್ನೇಹಿತರೊಬ್ಬರು, "ಎಳನೀರಿನ ಸ್ಟ್ರಾಗೆ ಬೆರಳಿಟ್ಟ ಹಾಗಲ್ಲ ಇದು, ಕಾರ್ಪೆಟ್ ಮೇಲೆ ಕೆರೆಯಾಗುತ್ತದೆ ನೋಡಿ" ಎಂದು ನಕ್ಕರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಬಿರಡೆ ಜಡಿದು ನಾನೇ ಕೈಹಾಕಿದಾಗ, ಪಂಪಿನ ನಟ್ ಸಡಿಲವಾಗುತ್ತಿದ್ದಂತೆ ಗಳಗಳನೆ ಕಪ್ಪು ನೀರು ಸುರಿದು, ಮತ್ತೆ ಬಿಗಿಯುವಷ್ಟರಲ್ಲಿ ಅರ್ಧ ಬಕೆಟ್ ಹೋಗಿತ್ತು. ಮೆಟ್ಟಿಲ ಬಳಿಯ ಕಾರ್ಪೆಟ್ಟಿನಲ್ಲಿ ಆ ಕಲೆ ಈಗಲೂ ಇದೆ, ನನ್ನ ಹೆಂಡತಿ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ಬಿರಡೆಗಳದ್ದು ತಪ್ಪಿರಲಿಲ್ಲ, ಪೈಪಿನೊಳಗಿನ ಗಾಳಿಯನ್ನು ತಾನಾಗಿ ಹೊರಬಿಡಲೆಂದು ಕಪಾಟಿನ ಮೇಲ್ಭಾಗದಲ್ಲಿದ್ದ ಆಟೋಮ್ಯಾಟಿಕ್ ಏರ್ ವೆಂಟ್ ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತಿತ್ತು. ಅದರ ಮುಚ್ಚಳ ಬಿಗಿದು, ರೇಡಿಯೇಟರ್‌ಗಳ ಗಾಳಿ ತಿರುಪುಗಳನ್ನೆಲ್ಲ ನೋಡಿಕೊಂಡು, ಮರುದಿನ ನೀರು ಪೂರ್ತಿ ತಣಿದ ಮೇಲೆ, ಹೀಟಿಂಗ್‌ಗೆ ವಿದ್ಯುತ್ ಕೊಡುವ ಗೋಡೆಯ ಸ್ವಿಚ್ಚಿನ (ಇಲ್ಲಿ ಸ್ಪರ್ ಎನ್ನುತ್ತಾರೆ) ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮತ್ತೆ ಕೈಹಾಕಿದೆ. ಈ ಸಲ ಚೆಲ್ಲಿದ್ದು ಒಂದೂವರೆ ಲೀಟರ್ ಇದ್ದೀತು. ಹೊಸ 130 ಮಿಲಿಮೀಟರ್ ಪಂಪನ್ನು, ನೀರು ಹರಿಯುವ ದಿಕ್ಕಿನ ಬಾಣದ ಗುರುತು ನೋಡಿ, ಶಾಫ್ಟ್ ಅಡ್ಡಲಾಗಿರುವಂತೆ ಕೂರಿಸಲು ನಾಲ್ಕೈದು ನಿಮಿಷ ಹಿಡಿಯಿತು. ವರ್ಷಗಟ್ಟಲೆ ಹಿಡಿದುಕೊಂಡಿದ್ದ ಆ ನಟ್‌ಗಳನ್ನು ತಾಮ್ರದ ಪೈಪ್ ತಿರುಚದಂತೆ ಬಿಡಿಸಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕಾಫಿ ಕುಡಿದವರಿಗೆ ಹೇಳುತ್ತೇನೆ.

ಬಾಯ್ಲರ್ ಹೊತ್ತಿಸುವ ಮೊದಲು ಎರಡೂ ಬಿರಡೆಗಳನ್ನು ತೆಗೆದೆ. ಆ ವೆಂಟ್ ಪೈಪ್ ಸುರಕ್ಷತೆಗಾಗಿಯೇ ಇರುವುದರಿಂದ, ಮರೆಯದಿರಲೆಂದು ಬಾಯ್ಲರಿನ ಸ್ವಿಚ್ಚಿಗೆ ಕೆಂಪು ದಾರ ಕಟ್ಟಿಕೊಂಡಿದ್ದೆ. ಬಾಯ್ಲರಿನ ಹೊದಿಕೆಯನ್ನು ನಾನು ಮುಟ್ಟಲಿಲ್ಲ, ಅದು ಗ್ಯಾಸ್ ಪರವಾನಗಿ ಇದ್ದವರ ಕೆಲಸ.

ಪಂಪಿಗೆ ಎಂಬತ್ತರ ಹತ್ತಿರ, ಬಿರಡೆ ಮತ್ತು ವಾಷರ್‌ಗಳಿಗೆ ಹನ್ನೆರಡು, ತುಕ್ಕು ತಡೆಯುವ ದ್ರಾವಣಕ್ಕೆ ಹದಿನೆಂಟು ಪೌಂಡ್ ಕೊಟ್ಟ ನೆನಪು. ಹಳೆಯ ಪಂಪಿನೊಳಗಿನ ಕಪ್ಪು ರಾಡಿಯನ್ನು ಬಾಟಲಿಗೆ ತುಂಬಿ ಹೊರಗಿನಿಂದ ಫ್ರಿಜ್ಜಿನ ಅಯಸ್ಕಾಂತ ಹಿಡಿದಾಗ ಅದು ಇರುವೆ ಸಾಲಿನಂತೆ ಗಾಜಿನ ಬದಿಗೆ ಹತ್ತಿಬಂತು. ಎಲ್ಲವೂ ರೇಡಿಯೇಟರ್‌ಗಳ ಕಬ್ಬಿಣವೇ. ಕುತೂಹಲಕ್ಕೆ ವಿದ್ಯುತ್ತನ್ನೂ ಅಳೆದೆ: ಹಳೆಯದು ಮೂರನೆಯ ವೇಗದಲ್ಲಿ ತೊಂಬತ್ತು ವಾಟ್‌ನಷ್ಟು ಎಳೆಯುತ್ತಿದ್ದರೆ ಹೊಸದು ಇಪ್ಪತ್ತರ ಆಸುಪಾಸಿನಲ್ಲಿದೆ. ಮೈಸೂರಿನ ಸ್ನೇಹಿತರು ಹೋದ ತಿಂಗಳು ನನ್ನ ಬಿರಡೆಗಳನ್ನು ಕಡ ಒಯ್ದವರು ಇನ್ನೂ ಹಿಂದಿರುಗಿಸಿಲ್ಲ.