ಸರಸ್ವತಿಪುರಂ ತಾರಸಿ ಮೇಲೆ ಜಾಝ್: ನಾವು ಹೆಂಗೆ ನಡೆಸ್ತೀವಿ

ಮೈಸೂರಲ್ಲಿ ಜಾಝ್ ಕ್ಲಬ್ ನಡೆಸ್ತೀವಿ ಅಂದ್ರೆ ಜನ ಮೊದ್ಲು ಕೇಳೋದೇ ಬಾರ್ ಎಲ್ಲಿದೆ ಅಂತ. ಬಾರ್ ಇಲ್ಲ ಕಣ್ರೀ, ಫಿಲ್ಟರ್ ಕಾಫಿ ಇದೆ, ಅದೂ ಇಂಟರ್ವಲ್‌ನಲ್ಲಿ ಮಾತ್ರ. ಗುಂಪಿನೋರೊಬ್ರ ಮನೆ ಮೇಲೆ ಶೀಟ್ ಹೊದಿಸಿದ ತಾರಸಿ, ಶಾಮಿಯಾನದೋರ ಹತ್ರ ಬಾಡಿಗೆಗೆ ತಂದ ಚೇರು, ಒಂದು ಕೀಬೋರ್ಡು, ಸೆಕೆಂಡ್ ಹ್ಯಾಂಡ್ ಡ್ರಮ್ ಸೆಟ್ಟು, ಮೆಟ್ಟಿಲ ಹತ್ರ ದುಡ್ಡು ಹಾಕೋಕೆ ಬಿಸ್ಕೆಟ್ ಡಬ್ಬ. ಅಷ್ಟೇ ಕ್ಲಬ್ಬು. ಓನರ್ ಅಂತ ಯಾರೂ ಇಲ್ಲ. ಮೊದಲು ಒಂದು ಹೋಟೆಲಿನೋರು ಜಾಗ ಕೊಡ್ತೀವಿ ಅಂದಿದ್ರು, ಆಮೇಲೆ ಸೌಂಡ್ ಕಮ್ಮಿ ಮಾಡಿ, ಗಿರಾಕಿಗಳು ಮಾತಾಡ್ಬೇಕು, ಹಳೇ ಹಿಂದಿ ಹಾಡು ನುಡಿಸಿ ಅಂತ ಶುರುವಾಯ್ತು, ನಾವು ಸಾಮಾನು ಕಟ್ಕೊಂಡು ವಾಪಸ್ ಬಂದ್ವಿ.

ಸೇರಿ ನಡೆಸೋದು ಈ ಊರಿಗೆ ಹೊಸದೇನಲ್ಲ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣಪತಿ ಕಚೇರಿಗಳನ್ನೇ ನೋಡಿ, ರಸ್ತೆಗೆ ಚಪ್ಪರ ಹಾಕಿ ದೊಡ್ಡ ದೊಡ್ಡ ವಿದ್ವಾಂಸರನ್ನ ಕೂರಿಸ್ತಾರೆ, ಯಾರು ಬೇಕಾದ್ರೂ ಬಂದು ಕೂತು ಕೇಳ್ಬಹುದು. ಜಾಝ್‌ನಲ್ಲೂ ಇದೇ ಥರದ್ದಿದೆ, 1965ರಲ್ಲಿ ಷಿಕಾಗೋದಲ್ಲಿ ಕಲಾವಿದರೇ ಎಎಸಿಎಂ ಅಂತ ಸಂಘ ಕಟ್ಕೊಂಡು ತಮ್ಮ ಕಚೇರಿ ತಾವೇ ಏರ್ಪಾಟು ಮಾಡ್ಕೊಂಡ್ರು, ಆಮ್‌ಸ್ಟರ್‌ಡ್ಯಾಮ್‌ನ ಬಿಮ್‌ಹೌಸ್ ಅನ್ನೋ ಜಾಝ್ ಸಭಾಂಗಣ 1974ರಲ್ಲಿ ಶುರುವಾಗಿದ್ದೂ ಅಲ್ಲಿನ ಕಲಾವಿದರಿಂದ್ಲೇ. ನಾವು ಇವೆಲ್ಲ ಓದ್ಕೊಂಡಿದ್ರೂ ಕಾಪಿ ಹೊಡೆದಿದ್ದು ಮಾತ್ರ ಗಣೇಶನ ಕಮಿಟಿಯದ್ದನ್ನ: ಚಂದಾ, ಸರದಿ ಮೇಲೆ ಕೆಲಸ, ಪ್ರತಿ ಕಾರ್ಯಕ್ರಮ ಆದ್ಮೇಲೆ ಲೆಕ್ಕ ಬರ್ದು ಗೋಡೆಗೆ ಅಂಟಿಸೋದು. ಈ ಲೆಕ್ಕದ ಚೀಟಿ ಇಲ್ದೇ ಇದ್ದಿದ್ರೆ ಕ್ಲಬ್ ಯಾವತ್ತೋ ಮುಚ್ಚಿ ಹೋಗಿರ್ತಿತ್ತು.

ಬರೋರಲ್ಲಿ ಕೆಲವರು ಮಹಾರಾಜ್ರಿಗೂ ಜಾಝ್ ಅಂದ್ರೆ ಇಷ್ಟ ಅಲ್ವಾ ಸಾರ್ ಅಂತಾರೆ. ಜಯಚಾಮರಾಜ ಒಡೆಯರ್ ದುಡ್ಡು ಹಾಕಿದ್ದು ರಷ್ಯಾದ ಸಂಗೀತ ರಚನೆಕಾರ ಮೆಟ್ನರ್ ಸಂಗೀತಕ್ಕೆ, 1949ರಲ್ಲಿ ಲಂಡನ್ನಲ್ಲಿ ಮೆಟ್ನರ್ ಸೊಸೈಟಿ ಮಾಡ್ಸಿ ಅವ್ರ ಕೃತಿಗಳನ್ನ ರೆಕಾರ್ಡ್ ಮಾಡ್ಸಿದ್ರು, ಅದು ಪಾಶ್ಚಾತ್ಯ ಶಾಸ್ತ್ರೀಯ, ಜಾಝ್ ಅಲ್ಲ. ನಮಗೆ ಹತ್ರ ಆಗೋ ಕತೆ ಅರಮನೆ ಬ್ಯಾಂಡಿಂದು. ಕದ್ರಿ ಗೋಪಾಲನಾಥ್ ಚಿಕ್ಕ ಹುಡುಗನಾಗಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿದ್ದು ಆ ಬ್ಯಾಂಡಲ್ಲೇ, ನಾಗಸ್ವರ ನುಡಿಸೋರ ಮಗ, ವರ್ಷಗಟ್ಲೆ ಒದ್ದಾಡಿ ಆ ವಾದ್ಯಕ್ಕೆ ಗಮಕ ಹತ್ತಿಸಿದ್ರು. 1980ರಲ್ಲಿ ಬೊಂಬಾಯಿ ಜಾಝ್ ಉತ್ಸವದಲ್ಲಿ ಅವ್ರನ್ನ ಕೇಳಿದ ಜಾನ್ ಹ್ಯಾಂಡಿ (ಅಮೆರಿಕದ ಸ್ಯಾಕ್ಸ್ ವಾದಕ, ಹೆಸರಾಂತ ಜಾಝ್ ಕಲಾವಿದ ಮಿಂಗಸ್ ಜೊತೆ ನುಡಿಸಿದ್ದವ್ರು) ಜೊತೆಗೂಡಿ ನುಡಿಸೋಕೆ ಮುಂದೆ ಬಂದ್ರಂತೆ. ನಮ್ಮ ಸ್ಯಾಕ್ಸ್ ಪ್ಲೇಯರ್ ಪೊಲೀಸ್ ಬ್ಯಾಂಡಿಂದ ರಿಟೈರ್ ಆದವ್ರು, ಮಾರ್ಚ್ ನುಡಿಸಿ ನುಡಿಸಿ ಟೈಮಿಂಗ್ ಕಬ್ಬಿಣದ ಹಾಗಿದೆ. ಅವ್ರನ್ನ ಸ್ವಲ್ಪ ಸಡಿಲ ಮಾಡಿ ಜಾಝಿನ ತೂಗಾಡೋ ಲಯಕ್ಕೆ, ಅಂದ್ರೆ ಸ್ವಿಂಗ್‌ಗೆ ಇಳಿಸೋಕೆ ತಿಂಗಳುಗಳೇ ಹಿಡೀತು.

ಕೇಳೋಕೆ ಬರೋರು ಅರ್ಧಕ್ಕರ್ಧ ಸಂಗೀತ ಸಭೆಗಳ ರಸಿಕರು, ಇಲ್ಲಿನ ವಾತಾವರಣ ಬೇರೆ ಥರ ಆಗಿರೋದೇ ಅವ್ರಿಂದ. ತೊಡೆ ಮೇಲೆ ತಾಳ ಹಾಕ್ತಾ ಕೂರ್ತಾರೆ, ಮೊದಮೊದಲು ನಾಲ್ಕೆಣಿಕೆಯಲ್ಲಿ ಒಂದು ಮೂರಕ್ಕೆ ತಟ್ಟೋರು, ಜಾಝ್‌ನಲ್ಲಿ ತಟ್ಟೋದು ಎರಡು ನಾಲ್ಕಕ್ಕೆ, ಡ್ರಮ್ಮರ್ ಹುಡುಗ ಒಳಗೊಳಗೇ ಒದ್ದಾಡೋನು. ಒಬ್ಬ ಹಿರಿಯರು ಎದ್ದು ಇದು ಯಾವ ರಾಗ ಸ್ವಾಮಿ ಅಂದ್ರು. ಇಲ್ಲಿ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬದಲಾದ ಹಾಗೆಲ್ಲ ಸ್ವರಗಳ ಆಧಾರವೇ ಜಾಗ ಬಿಟ್ಟು ಸರಿಯುತ್ತೆ, ಅದಕ್ಕೇ ತಂಬೂರಿ ಇಡಲ್ಲ, ಬ್ಲೂಸ್ ಅನ್ನೋ ಥರದ್ದಾದ್ರೆ ನಾಲ್ಕೆಣಿಕೆಯ ಹನ್ನೆರಡು ಬಾರ್‌ಗೆ ಒಂದು ಸುತ್ತು, ಆ ಸುತ್ತು ಆವರ್ತ ಇದ್ದ ಹಾಗೆ ತಿರುಗ್ತಾ ಇರುತ್ತೆ, ಅದರ ಮೇಲೆ ಒಬ್ಬೊಬ್ರೇ ಮನೋಧರ್ಮ ಮಾಡ್ತಾರೆ ಅಂದೆ. ತಕ್ಷಣ ಹಿಡ್ಕೊಂಡ್ರು. ಈಗ ಅವ್ರೇ ಸುತ್ತು ಎಣಿಸಿ, ಯಾರಾದ್ರೂ ತಪ್ಪಿದ್ರೆ ಮುಖ ಸಿಂಡರಿಸ್ತಾರೆ! ನಾಲ್ಕು ನಾಲ್ಕು ಬಾರ್ ಬದಲಾಯಿಸ್ಕೊಂಡು ನುಡಿಸೋ ಟ್ರೇಡಿಂಗ್ ಫೋರ್ಸ್ ಬಂತು ಅಂದ್ರೆ ಮೃದಂಗದೋರು ತಾವೂ ಕೂತ್ಬಿಡ್ತಾರೆ, ಡ್ರಮ್ಮಿಗೂ ಮೃದಂಗಕ್ಕೂ ಜಟಾಪಟಿ, ತಾರಸಿ ತುಂಬ ಭೇಷ್ ಭೇಷ್. ಫ್ಯೂಷನ್ ಅಂತ ಬೋರ್ಡ್ ಹಾಕೋದು ನನಗಿಷ್ಟ ಇಲ್ಲ, ಸುಮ್ನೆ ಆಗೋದಾದ್ರೆ ಆಗ್ಲಿ. ಬೆಂಗಳೂರಿನ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ, ಗಾಯಕಿ ರಾಮಮಣಿ ದಂಪತಿ ಅಮೆರಿಕದ ಚಾರ್ಲಿ ಮರಿಯಾನೋ ಸ್ಯಾಕ್ಸ್ ಜೊತೆ 1983ರಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿದ್ರೆ ಗೊತ್ತಾಗುತ್ತೆ, ಯಾರೂ ಯಾರಿಗೂ ಬಗ್ಗಿಲ್ಲ ಅಲ್ಲಿ.

ಮೊದಲ ಸೆಟ್, ಅಂದ್ರೆ ಕಾರ್ಯಕ್ರಮದ ಮೊದಲ ಭಾಗ, ಕಲಿಯೋರಿಗೆ, ತಲೆಗೆ ಎರಡು ಸುತ್ತು, ಎಷ್ಟೇ ದೊಡ್ಡೋರ ಮಕ್ಕಳಾದ್ರೂ ಅಷ್ಟೇ. ಎರಡನೇ ಸೆಟ್ ಅನುಭವ ಇರೋರದ್ದು.

ದೊಡ್ಡ ತಲೆನೋವು ಸೌಂಡು. ರಾತ್ರಿ 10ರ ಮೇಲೆ ಬಯಲಲ್ಲಿ ಸ್ಪೀಕರ್ ಹಾಕೋ ಹಾಗಿಲ್ಲ, ವಾಸದ ಏರಿಯಾದಲ್ಲಿ ಹಗಲಿನ ಮಿತಿಯೇ 55 ಡೆಸಿಬೆಲ್, ಬರೀ ಡ್ರಮ್ ಸೆಟ್ಟೇ ಅದನ್ನ ದಾಟುತ್ತೆ. ಅದಕ್ಕೆ ಕೋಲು ಬಿಟ್ಟು ಬ್ರಷ್ ಹಿಡಿಸಿದ್ವಿ, ದೊಡ್ಡ ಡ್ರಮ್ಮೊಳಗೆ ಹಳೇ ಕಂಬಳಿ ತುರುಕಿದ್ವಿ, ಆರಕ್ಕೆ ಶುರು ಮಾಡಿ ಎಂಟೂವರೆಗೆಲ್ಲ ಮುಗಿಸ್ತೀವಿ. ಪಕ್ಕದ ಮನೆ ಅಜ್ಜಿಗೆ ಮುಂದಿನ ಸಾಲಲ್ಲಿ ಚೇರು ಖಾಯಂ, ದೂರು ಬರೋದು ನಿಂತಿದ್ದು ಅದಾದ್ಮೇಲೇ.

ಮಳೆಗಾಲದಲ್ಲಿ ಶೀಟಿನ ಮೇಲೆ ಹನಿ ಬಿದ್ರೆ ಕೀಬೋರ್ಡ್ ಕೇಳಲ್ಲ, ಆಗ ಕೆಳಗೆ ಹಾಲಲ್ಲಿ ಕೂತು ರೆಕಾರ್ಡ್ ಹಾಕಿ ಚರ್ಚೆ ಮಾಡ್ತೀವಿ. ಈಗ ಕೆಲವರು ಟಿಕೆಟ್ ಇಟ್ಟು ದೊಡ್ಡ ಹಾಲ್‌ಗೆ ಹೋಗೋಣ ಅಂತಿದಾರೆ, ಮುಂದಿನ ಮೀಟಿಂಗಲ್ಲಿ ಕೈ ಎತ್ಸಿ ತೀರ್ಮಾನ. ನನ್ನ ವೋಟು ಬಿಸ್ಕೆಟ್ ಡಬ್ಬಕ್ಕೇ.